ಎಂಜಿನ್ನಿನ ಉಸಿರು, ಡ್ರೈವರನ ಮೂಗು

ಲಾರಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಅದರ ಹೊರೆ. ಕಿವಿಗೆ ಬಡಿಯುವುದು ಅದರ ಆರ್ಭಟ. ಅದರ ವಾಸನೆಯ ಕುರಿತು ಬರೆಯಹೊರಟರೆ ಓದುಗರಲ್ಲಿ ಹಲವರು ಮೂಗು ಮುರಿಯಬಹುದು. ಆದರೆ ಶಿರಾಡಿ ಘಟ್ಟದ ಏರಿನಲ್ಲಿ ಎರಡನೆಯ ಗೇರಿನಲ್ಲಿ ತೆವಳುವ ಹಳೆಯ ಲಾರಿಯೊಂದರ ಕ್ಯಾಬಿನ್ನಿನಲ್ಲಿ ಕುಳಿತವನಿಗೆ ಈ ವಿಚಾರ ತಮಾಷೆಯದಲ್ಲ. ಕಾಲ ಕೆಳಗಿನ ಹಲಗೆಯ ಸಂದಿನಿಂದ, ಗೇರುಕೋಲಿನ ಬುಡದಿಂದ, ಪಕ್ಕದ ಬಾನೆಟ್ಟಿನ ಅಂಚಿನಿಂದ ಸುಟ್ಟ ಎಣ್ಣೆಯ ಕಮಟು ಮೇಲೇಳುತ್ತದೆ. ದೇವರ ಪಟದ ಮುಂದೆ ಹಚ್ಚಿಟ್ಟ ಊದುಬತ್ತಿ ಅದರೊಡನೆ ಸೆಣಸಿ ಸೋಲುತ್ತದೆ. ಕ್ಲೀನರ್ ಹುಡುಗ ತಲೆನೋವೆಂದು ಕಿಟಕಿಗೆ ಒರಗುತ್ತಾನೆ. ಲಾರಿಯ ಮಾಲೀಕರಿಗೆ ದೂರು ಹೇಳಿದರೆ ಬರುವ ಉತ್ತರ ಸಿದ್ಧವಾಗಿಯೇ ಇರುತ್ತದೆ: “ಲಾರಿ ಅಂದಮೇಲೆ ವಾಸನೆ ಬರದೆ ಇರುತ್ತೇನಪ್ಪಾ? ಕಿಟಕಿ ತೆಗೆದಿಡು.”

ಈ ಉತ್ತರಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಎಂಜಿನ್ನಿನ ಕೆಟ್ಟ ಉಸಿರನ್ನು ಏನು ಮಾಡಬೇಕೆಂಬ ಪ್ರಶ್ನೆ ಬಂದಾಗಲೆಲ್ಲ ಮನುಷ್ಯನು “ಅದನ್ನು ಅತ್ತ ಬಿಡು” ಎಂದಷ್ಟೇ ಹೇಳುತ್ತ ಬಂದ. ಆ “ಅತ್ತ” ಎಂಬುದು ಯಾವಾಗಲೂ ಯಾರದೋ ಮೂಗಿನ ಬಳಿಯೇ ಇತ್ತು. ಈ ಸಣ್ಣ ಸಂಗತಿಯ ಕಥೆಯನ್ನು ಇಲ್ಲಿ ಹೇಳಬೇಕಾಗಿದೆ.

ಯಂತ್ರದ ಒಳಗುಟ್ಟು

ಜರ್ಮನಿಯ ನಿಕೊಲಾಸ್ ಆಟೋ ೧೮೭೬ರಲ್ಲಿ ನಾಲ್ಕು ಹೊಡೆತದ ಎಂಜಿನ್ನನ್ನು ಸಿದ್ಧಗೊಳಿಸಿದಂದಿನಿಂದಲೂ ಅದರೊಳಗೆ ಒಂದು ಕುಂದು ಉಳಿದುಬಂದಿದೆ. ಸಿಲಿಂಡರಿನೊಳಗೆ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಅದರ ಸುತ್ತ ಬಿಗಿದ ಉಕ್ಕಿನ ರಿಂಗುಗಳು ಮೇಲಿನ ಬೆಂಕಿಯನ್ನು ಮೇಲೆಯೇ ತಡೆಯಬೇಕು. ಆದರೆ ಓಡಾಡುವ ವಸ್ತುವಿಗೂ ಅದರ ಗೋಡೆಗೂ ನಡುವೆ ಕೂದಲೆಳೆಯಷ್ಟಾದರೂ ಸಂದು ಇರಲೇಬೇಕಲ್ಲವೆ? ಆ ಸಂದಿನಲ್ಲಿ ಪ್ರತಿ ಸ್ಫೋಟದಲ್ಲಿಯೂ ಒಂದಿಷ್ಟು ಅನಿಲ ಕೆಳಕ್ಕೆ ನುಸುಳುತ್ತದೆ. ನಮ್ಮ ಗ್ಯಾರೇಜುಗಳ ಮೇಸ್ತ್ರಿಗಳು ಇದಕ್ಕೆ “ಬ್ಯಾಕ್ ಕಂಪ್ರೆಶನ್” ಎಂದು ಹೆಸರಿಟ್ಟಿದ್ದಾರೆ.

ಹೀಗೆ ನುಸುಳಿದ ಅನಿಲ ಎಂಜಿನ್ನಿನ ಹೊಟ್ಟೆಯಲ್ಲಿ, ಎಂದರೆ ಎಣ್ಣೆ ತುಂಬಿದ ಕೆಳಗಿನ ಕೋಣೆಯಲ್ಲಿ, ಸೇರಿಕೊಳ್ಳುತ್ತದೆ. ಅದರಲ್ಲಿ ಅರೆಸುಟ್ಟ ಇಂಧನವಿದೆ, ನೀರಾವಿಯಿದೆ, ಆಮ್ಲಗಳಿವೆ. ಅಲ್ಲಿ ಎರಚಾಡುವ ಬಿಸಿಯೆಣ್ಣೆಯ ತುಂತುರೂ ಬೆರೆಯುತ್ತದೆ. ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದರ ಒತ್ತಡವೇ ಸೀಲುಗಳನ್ನೂ ಪ್ಯಾಕಿಂಗುಗಳನ್ನೂ ಸೀಳಿ ಎಣ್ಣೆಯನ್ನು ಹೊರಚೆಲ್ಲೀತು. ಆದುದರಿಂದ ಎಂಜಿನ್ನಿಗೆ ಒಂದು ಮೂಗು ಬೇಕಾಯಿತು. ಆ ಮೂಗು ಯಾವ ಕಡೆ ತಿರುಗಿರಬೇಕು ಎಂಬುದೇ ಈ ಇತಿಹಾಸದ ತಿರುಳು.

ಗೋಡೆಯಿಲ್ಲದ ಕಾಲ

ಮೊದಮೊದಲು ಈ ಪ್ರಶ್ನೆಯೇ ಏಳಲಿಲ್ಲ. ಗಾಟ್ಲೀಬ್ ಡೈಮ್ಲರ್ ೧೮೯೬ರಲ್ಲಿ ಕಟ್ಟಿದ ಮೊದಲ ಮೋಟಾರು ಲಾರಿಯು ಕುದುರೆ ಬಿಚ್ಚಿದ ಸಾಮಾನಿನ ಬಂಡಿಯಂತಿತ್ತು. ಎಂಜಿನ್ನು ಹಿಂಬದಿಯಲ್ಲಿ, ಡ್ರೈವರನು ಮುಂದೆ, ಬಯಲಿನಲ್ಲಿ, ಬಿಸಿಲು ಮಳೆಗಳಿಗೆ ಮೈಯೊಡ್ಡಿ ಕುಳಿತಿದ್ದ. ಎಂಜಿನ್ನು ಏನು ಉಸಿರು ಬಿಟ್ಟರೂ ಗಾಳಿ ಅದನ್ನು ಕೊಂಡೊಯ್ಯುತ್ತಿತ್ತು. ಆದರೆ ಎರಡೇ ವರ್ಷಗಳಲ್ಲಿ, ೧೮೯೮ರ ವೇಳೆಗೆ, ಎಂಜಿನ್ನು ಡ್ರೈವರನ ಆಸನದ ಕೆಳಕ್ಕೆ ಬಂತು; ಅಲ್ಲಿಂದ ಅವನ ಮುಂದಕ್ಕೆ ಸರಿಯಿತು. ಆಮೇಲೆ ಅವರಿಬ್ಬರೂ ಅಗಲಿದ್ದು ಅಪರೂಪ.

ಯಂತ್ರದ ಉಸಿರು ಮನುಷ್ಯನ ಹೊಟ್ಟೆ ಸೇರಿದರೆ ಏನಾಗುತ್ತದೆಂಬುದನ್ನು ಚೆನ್ನಾಗಿ ಅರಿತವರು ಲಾರಿಯವರಲ್ಲ, ಮೊದಲ ಮಹಾಯುದ್ಧದ ವಿಮಾನಿಕರು. ಆ ಕಾಲದ ಅನೇಕ ವಿಮಾನಗಳಲ್ಲಿ ಸಿಲಿಂಡರುಗಳೇ ಚಕ್ರದಂತೆ ತಿರುಗುವ ಎಂಜಿನ್ನುಗಳಿದ್ದವು. ಅವುಗಳಿಗೆ ಹಾಕುತ್ತಿದ್ದುದು ನಮ್ಮ ಹರಳೆಣ್ಣೆ! ಅದು ಪೆಟ್ರೋಲಿನೊಡನೆ ಸುಲಭವಾಗಿ ಬೆರೆಯದ ಎಣ್ಣೆ. ಹೆಚ್ಚು ಶಾಖಕ್ಕೂ ತಡೆಯುವಂಥದು. ಆದರೆ ಒಮ್ಮೆ ಒಳಹೋದ ಎಣ್ಣೆ ತಿರುಗಿ ತೊಟ್ಟಿಗೆ ಬರುತ್ತಿರಲಿಲ್ಲ. ಮಂಜಾಗಿ ಹೊರಬಿದ್ದು ಹಿಂದೆ ಕುಳಿತ ವಿಮಾನಿಕನ ಮುಖಕ್ಕೆ ರಾಚುತ್ತಿತ್ತು. ಗಂಟೆಗಟ್ಟಲೆ ಹರಳೆಣ್ಣೆಯನ್ನು ಸೇವಿಸಿದವನ ಗತಿಯೇನೆಂಬುದನ್ನು ಮನೆಯ ಅಜ್ಜಿಯರಿಂದ ಭೇದಿಯ ಔಷಧ ಕುಡಿದ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಶತ್ರುವಿನ ಗುಂಡಿನ ಜೊತೆಗೆ ಹೊಟ್ಟೆಯ ಉಪದ್ರವವನ್ನೂ ಆ ತರುಣರು ಎದುರಿಸಬೇಕಾಯಿತೆಂದು ಅಂದಿನವರ ನೆನಪುಗಳು ಹೇಳುತ್ತವೆ. ಹರಳೆಣ್ಣೆಯಿಂದಲೇ ಹೆಸರು ಪಡೆದ ಕ್ಯಾಸ್ಟ್ರಾಲ್ ಎಂಬ ಎಣ್ಣೆ ೧೯೦೯ರಲ್ಲಿ ಬಂದದ್ದು ಇಂದಿಗೂ ಅಂಗಡಿಗಳಲ್ಲಿ ಉಂಟು. ಅದರಲ್ಲಿ ಹರಳಿನ ಅಂಶ ಹೋಗಿ ಹೆಸರಷ್ಟೇ ಉಳಿದಿದೆ.

ಗೋಡೆ ಬಂತು, ವಾಸನೆ ಬಂತು

ಯುದ್ಧ ಮುಗಿದ ಮೇಲೆ ಲಾರಿಗಳಿಗೆ ಸೂರು ಬಂತು, ಮುಂಗಾಜು ಬಂತು, ಬಾಗಿಲು ಬಂತು. ಡ್ರೈವರನಿಗೆ ಮಳೆ ಚಳಿಗಳ ಕಾಟ ತಪ್ಪಿತು. ಅದೇ ಕಾಲದಲ್ಲಿ, ೧೯೨೩–೨೪ರಲ್ಲಿ, ಜರ್ಮನಿಯಲ್ಲಿ ಡೀಸೆಲ್ ಲಾರಿಗಳೂ ಕಾಣಿಸಿಕೊಂಡವು. ಆದರೆ ಮಳೆಯನ್ನು ಹೊರಗಿಟ್ಟ ಗೋಡೆ ವಾಸನೆಯನ್ನು ಒಳಗಿಟ್ಟಿತು.

ಎಂಜಿನ್ನಿಗೆ ಮೂಗು ಇಟ್ಟದ್ದೂ ಆ ಕಾಲದಲ್ಲಿಯೇ. ಒಳಗೆ ನಿಂತ ನೀರಾವಿ ಮತ್ತು ಆಮ್ಲಗಳಿಂದ ಎಣ್ಣೆಯು ಕೆಸರಾಗಿ ಬೇರಿಂಗುಗಳು ಕೆಡುತ್ತಿದ್ದವು. ಇದನ್ನು ತಪ್ಪಿಸಲು ಒಂದು ಕೊಳವೆಯನ್ನು ಎಂಜಿನ್ನಿನ ಹೊಟ್ಟೆಯಿಂದ ರಸ್ತೆಯ ಕಡೆಗೆ ಇಳಿಬಿಟ್ಟರು. ವಾಹನ ಓಡುವಾಗ ಕೊಳವೆಯ ಬಾಯಿಯ ಮುಂದೆ ಹಾಯುವ ಗಾಳಿ ಒಳಗಿನ ಆವಿಯನ್ನು ಹೀರಿ ತೆಗೆಯುತ್ತಿತ್ತು. ಎಣ್ಣೆ ಹಾಕುವ ಬಾಯಿಯ ಜಾಲರಿ ಮುಚ್ಚಳದಿಂದ ಹೊಸ ಗಾಳಿ ಒಳಸೇರುತ್ತಿತ್ತು. ಉಪಾಯ ಸರಳ, ಖರ್ಚು ಕಡಿಮೆ. ಆದರೆ ಗಮನಿಸಬೇಕಾದ ಮಾತೊಂದಿದೆ: ಈ ಏರ್ಪಾಡು ನಡೆದದ್ದು ಎಣ್ಣೆಯ ಆರೋಗ್ಯಕ್ಕಾಗಿ, ಎಣ್ಣೆಯ ಪಕ್ಕದಲ್ಲಿ ಕುಳಿತ ಮನುಷ್ಯನ ಆರೋಗ್ಯಕ್ಕಾಗಿ ಅಲ್ಲ.

ಲಾರಿ ಓಡುವವರೆಗೆ ಕೊಳವೆ ಹೀರುತ್ತದೆ. ಹೊರೆ ಹೊತ್ತು ಏರು ಹತ್ತುವಾಗಲೋ? ಆಗ ಎಂಜಿನ್ನಿನ ಉಬ್ಬಸ ಹೆಚ್ಚು, ಗಾಳಿಯ ಸೆಳೆತ ಕಡಿಮೆ. ಗೇಟಿನಲ್ಲಿ ನಿಂತಾಗ ಸೆಳೆತವೇ ಇಲ್ಲ. ಹೊರಗೆ ಹೋಗಬೇಕಾದ ಆವಿ ಕೊಳವೆಯಿಂದಲೂ ಮುಚ್ಚಳದಿಂದಲೂ ಮೆಲ್ಲನೆ ಹೊಮ್ಮಿ, ನೆಲಹಲಗೆಯ ಸಂದು ಹಿಡಿದು ಮೇಲಕ್ಕೆ ಏರುತ್ತದೆ. ಡ್ರೈವರನು ಹೆಚ್ಚು ದಣಿಯುವ ಗಳಿಗೆಯಲ್ಲಿಯೇ ಅವನಿಗೆ ಹೆಚ್ಚು ವಿಷ!

ಅನಾನಸಿನ ಪಂಡಿತ

ಈ ಕೊಳವೆಯನ್ನು ಮುಚ್ಚಬಹುದೆಂದು ಮೊದಲು ತೋರಿಸಿದ್ದು ಯುದ್ಧದ ಅಗತ್ಯ. ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳು ಹೊಳೆಗಳನ್ನು ದಾಟಬೇಕಾಯಿತು. ಕೆಳಗೆ ಬಾಯಿತೆರೆದ ಕೊಳವೆಯಿದ್ದರೆ ನೀರು ನೇರವಾಗಿ ಎಂಜಿನ್ನಿನ ಹೊಟ್ಟೆಗೆ ಹೋಗುತ್ತದೆ. ಆಗ ಎಂಜಿನ್ನಿನ ಉಸಿರನ್ನು ಅದರ ಬಾಯಿಗೇ ತಿರುಗಿಸಿ ಸುಡುವ ಏರ್ಪಾಡು ಬಂತು. ಯುದ್ಧ ಮುಗಿಯಿತು, ನೀರಿನ ಭಯ ಹೋಯಿತು, ಸಾಮಾನ್ಯ ವಾಹನಗಳು ಮತ್ತೆ ರಸ್ತೆಯ ಮೇಲೆಯೇ ಉಸಿರು ಬಿಡತೊಡಗಿದವು. ಅಮೆರಿಕದ ಹೆದ್ದಾರಿಗಳಲ್ಲಿ ಪ್ರತಿಯೊಂದು ಸಾಲಿನ ನಡುವೆ ಎಣ್ಣೆಯ ಕಪ್ಪು ಪಟ್ಟೆಯೊಂದು ಮೈಲಿಗಟ್ಟಲೆ ಹಬ್ಬಿಕೊಂಡಿತ್ತು.

ಇದನ್ನು ಬದಲಿಸಿದವನು ಮೋಟಾರಿನ ಪಂಡಿತನಲ್ಲ, ಅನಾನಸಿನ ಪಂಡಿತ. ಹಾಲೆಂಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನೆಲಸಿದ ಹಾಗನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞನು ಅನಾನಸು ಹಣ್ಣಿಗೆ ಆ ಪರಿಮಳ ಎಲ್ಲಿಂದ ಬರುತ್ತದೆಂದು ಶೋಧಿಸುತ್ತಿದ್ದ. ೧೯೪೮ರ ಸುಮಾರಿಗೆ ಲಾಸ್ ಏಂಜಲೀಸ್ ನಗರವನ್ನು ಕಣ್ಣುರಿಸುವ ಮಬ್ಬು ಕವಿಯುತ್ತಿದ್ದುದನ್ನು ಕಂಡು, ಹಣ್ಣಿನ ಪರಿಮಳವನ್ನು ಹಿಡಿಯುವ ಉಪಾಯದಿಂದಲೇ ನಗರದ ಗಾಳಿಯನ್ನು ತಣಿಸಿ ನೋಡಿದ. ಕೆಲವು ಹನಿ ಕಂದುಬಣ್ಣದ, ನಾರುವ ದ್ರವ ದೊರೆಯಿತು. ಸುಡದೆ ಹೊರಬಿದ್ದ ಪೆಟ್ರೋಲಿನ ಅಂಶಗಳು ಬಿಸಿಲಿನಲ್ಲಿ ಬೆಂದು ಈ ಮಬ್ಬು ಹುಟ್ಟುತ್ತದೆಂದು ಅವನು ತೋರಿಸಿಕೊಟ್ಟ. ಕಾರು ಹೊರಬಿಡುವ ಇಂಥ ಅಂಶಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಹೊಗೆಕೊಳವೆಯಿಂದಲ್ಲ, ಎಂಜಿನ್ನಿನ ಈ ಗುಪ್ತ ಮೂಗಿನಿಂದ ಬರುತ್ತಿತ್ತು.

ಪರಿಹಾರ ಟ್ಯಾಂಕಿನಲ್ಲಿ ಆಗಲೇ ಸಿದ್ಧವಾಗಿತ್ತು. ಕವಾಟವಿರುವ ಒಂದು ಸಣ್ಣ ಕೊಳವೆಯಿಂದ ಆ ಆವಿಯನ್ನು ಎಂಜಿನ್ನೇ ಮತ್ತೆ ಸೇದಿಕೊಂಡು ಸುಟ್ಟುಬಿಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ೧೯೬೧ರ ಮಾದರಿಯ ಕಾರುಗಳಿಂದಲೂ, ಅಮೆರಿಕದ ಉಳಿದೆಡೆ ೧೯೬೩ರ ಮಾದರಿಯಿಂದಲೂ ಇದು ಬಂತು. ವಾಹನಗಳ ಮಾಲಿನ್ಯವನ್ನು ತಡೆಯಲು ಜಗತ್ತಿನಲ್ಲಿ ಮೊದಲು ಬಂದ ಸಲಕರಣೆ ಇದೇ. ಇಷ್ಟು ಅಗ್ಗದ ವಸ್ತು ಇಷ್ಟು ತಡವಾಗಿ ಬಂದುದೇಕೆ? ಮಾಲಿನ್ಯ ತಡೆಯುವ ಸಲಕರಣೆಗಳನ್ನು ಕಾರು ಕಂಪೆನಿಗಳು ಒಳಗೊಳಗೇ ಮಾತಾಡಿಕೊಂಡು ತಡೆಹಿಡಿದವೆಂದು ಅಮೆರಿಕದ ಸರ್ಕಾರವೇ ೧೯೬೯ರಲ್ಲಿ ದಾವೆ ಹೂಡಿತು. ಅದೇ ವರ್ಷ ರಾಜಿಯಲ್ಲಿ ಮುಗಿಯಿತು.

ಲಾರಿಯ ಭಾಗ್ಯ ಇನ್ನೂ ತಡವಾಯಿತು. ಟರ್ಬೊ ಜೋಡಿಸಿದ ದೊಡ್ಡ ಡೀಸೆಲ್ ಎಂಜಿನ್ನುಗಳಿಗೆ ಅಮೆರಿಕದ ಕಾನೂನು ರಿಯಾಯಿತಿ ಕೊಟ್ಟಿತ್ತು. ಎಣ್ಣೆಯ ತುಂತುರು ಟರ್ಬೊವನ್ನು ಕೆಡಿಸುತ್ತದೆಂಬುದು ಕಾರಣ. ೨೦೦೫ರ ಸುಮಾರಿಗೆ ಅಲ್ಲಿಯ ಶಾಲಾ ಬಸ್ಸುಗಳಲ್ಲಿ ನಡೆದ ಪರೀಕ್ಷೆಗಳಿಂದ, ಮಕ್ಕಳು ಕುಡಿಯುತ್ತಿದ್ದ ಸೂಕ್ಷ್ಮ ಕಣಗಳಲ್ಲಿ ದೊಡ್ಡ ಪಾಲು ಹಿಂದಿನ ಹೊಗೆಕೊಳವೆಯಿಂದಲ್ಲ, ಮುಂದೆ ಎಂಜಿನ್ನಿನ ಕೆಳಗೆ ಬಾಯಿತೆರೆದ ಈ ಉಸಿರುಕೊಳವೆಯಿಂದ ಒಳಬರುತ್ತಿದೆಯೆಂದು ತಿಳಿಯಿತು. ೨೦೦೭ರ ಮಾದರಿಯಿಂದ ಆ ರಿಯಾಯಿತಿ ಹೋಯಿತು.

ನಮ್ಮ ರಸ್ತೆಗಳಲ್ಲಿ

ಭಾರತದಲ್ಲಿ ಲಾರಿಯ ಯುಗ ಬಲಗೊಂಡದ್ದು ಸ್ವಾತಂತ್ರ್ಯದ ನಂತರ. ೧೯೫೪ರಲ್ಲಿ ಜೆಮ್ಷೆಡ್‌ಪುರದ ಟೆಲ್ಕೊ ಕಾರ್ಖಾನೆ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಿಂದ ಲಾರಿಗಳನ್ನು ತಯಾರಿಸತೊಡಗಿತು. ೧೯೫೫ರಲ್ಲಿ ಮದರಾಸಿನ ಅಶೋಕ್ ಮೋಟಾರ್ಸ್ ಎಂಬುದು ಅಶೋಕ್ ಲೇಲ್ಯಾಂಡ್ ಆಯಿತು. ಮೊದಲು ಬಂದ ಟಾಟಾ-ಬೆಂಜ್ ಲಾರಿಗೆ ಉದ್ದನೆಯ ಮೂತಿಯಿತ್ತು. ಎಂಜಿನ್ನು ಆ ಮೂತಿಯೊಳಗಿದ್ದು, ಡ್ರೈವರನಿಗೂ ಅದಕ್ಕೂ ನಡುವೆ ತಗಡಿನ ಗೋಡೆಯಿತ್ತು. ಸಾಮಾನಿಗೆ ಹೆಚ್ಚು ಜಾಗ ಬೇಕಾದಾಗ ಮೂತಿ ಮೊಂಡಾಯಿತು. ಎಂಜಿನ್ನು ಕ್ಯಾಬಿನ್ನಿನೊಳಕ್ಕೇ ಬಂದು ಡ್ರೈವರನ ಮಗ್ಗುಲಲ್ಲಿ ಕುಳಿತಿತು. ಅದರ ಮೇಲೆ ಒಂದು ಮುಚ್ಚಳ. ನಮ್ಮ ಜನ ಅದನ್ನೂ “ಬಾನೆಟ್” ಎಂದೇ ಕರೆದರು. ಅದರ ಮೇಲೆ ಮೆತ್ತೆ ಹಾಸಿ ಕುಳಿತರು. ಮುಂದೆ ಎಂಜಿನ್ನಿರುವ ನಮ್ಮ ಹಳೆಯ ಬಸ್ಸುಗಳಲ್ಲಿ ಜಾತ್ರೆಯ ದಿನ ಬಾನೆಟ್ಟಿನ ಮೇಲೆ ಕುಳಿತು ಊರು ಸೇರಿದವರು ಆ ಬಿಸಿಯನ್ನೂ ಆ ಕಮಟನ್ನೂ ಬಲ್ಲರು.

ಇನ್ನೊಂದು ವಿಶೇಷವಿದೆ. ಬಹುಕಾಲ ಕಾರ್ಖಾನೆಯಿಂದ ಹೊರಬರುತ್ತಿದ್ದುದು ಇಡಿಯ ಲಾರಿಯಲ್ಲ, ಬರಿಯ ಚಾಸಿ. ಮುಖಕ್ಕೆ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ಸೂರಿಲ್ಲದ ಚಾಸಿಯನ್ನು ಸಾವಿರಾರು ಕಿಲೋಮೀಟರು ಓಡಿಸಿಕೊಂಡು ಬರುತ್ತಿದ್ದ ಡ್ರೈವರರನ್ನು ಹೆದ್ದಾರಿಯಲ್ಲಿ ಕಂಡವರು ಬಹಳ. ಅವರಿಗೆ ಬಿಸಿಲಿತ್ತು, ಮಳೆಯಿತ್ತು, ಎಣ್ಣೆಯ ವಾಸನೆ ಮಾತ್ರ ಇರಲಿಲ್ಲ. ಡೈಮ್ಲರನ ಮೊದಲ ಲಾರಿಯವನಂತೆ ಅವರೂ ಬಯಲಿನವರು. ಆಮೇಲೆ ಊರಿನ ಬಡಗಿಯೂ ತಗಡಿನ ಕೆಲಸದವನೂ ಸೇರಿ ಕ್ಯಾಬಿನ್ ಕಟ್ಟುತ್ತಿದ್ದರು. ಬಣ್ಣ, ಚಿತ್ತಾರ, ಬರಹಗಳಲ್ಲಿ ಕೊರತೆಯಿರಲಿಲ್ಲ. ಆದರೆ ಪೆಡಲುಗಳೂ ಗೇರುಕೋಲೂ ತಂತಿಗಳೂ ಹಾಯುವ ತೂತುಗಳ ಸುತ್ತ ರಬ್ಬರಿನ ಬಿಗಿತ ಎಷ್ಟು ದಿನ ಉಳಿದೀತು? ಅದು ಹರಿದಾಗ ಗೋಣಿಯ ಚೂರೊಂದನ್ನು ತುರುಕುವುದೇ ರಿಪೇರಿಯಾಯಿತು.

ಮೇಸ್ತ್ರಿಯ ಶೋಧ

ಈ ವಾಸನೆಯ ಮೂಲವನ್ನು ಕಂಡುಹಿಡಿಯುವುದು ಒಂದು ವಿದ್ಯೆ. ಬಲ್ಲ ಮೇಸ್ತ್ರಿಯು ಸ್ಪ್ಯಾನರಿಗೆ ಕೈಹಾಕುವ ಮೊದಲು ಪ್ರಶ್ನೆಗೆ ಬಾಯಿ ಹಾಕುತ್ತಾನೆ: “ವಾಸನೆ ಯಾವಾಗ ಬರುತ್ತಪ್ಪಾ?” ಎಣ್ಣೆ ಬದಲಾಯಿಸಿದ ಮರುದಿನ ಮಾತ್ರವಾದರೆ ಚೆಲ್ಲಿದ ಎಣ್ಣೆ ಸುಡುತ್ತಿರಬೇಕು; ಒಂದೆರಡು ದಿನದಲ್ಲಿ ಹೋದೀತು. ಏರು ಹತ್ತುವಾಗಲಾದರೆ ಬ್ಯಾಕ್ ಕಂಪ್ರೆಶನ್ನಿನ ಸಂಶಯ. ಏರು ಹತ್ತಿ ನಿಂತ ಮೇಲೆ ಜೋರಾದರೆ, ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗಿನಿಂದ ಒಸರುವ ಎಣ್ಣೆ ಕೆಂಪಗೆ ಕಾದ ಹೊಗೆನಾಳದ ಮೇಲೆ ತೊಟ್ಟಿಕ್ಕುತ್ತಿರಬೇಕು. ಗಂಧಕದಂಥ ನಾತವಾದರೆ ಅದು ಎಂಜಿನ್ನಿನದಲ್ಲ, ಗೇರೆಣ್ಣೆಯದು.

ಮುಂದಿನದು ಕಣ್ಣಿನ ಕೆಲಸ. ಎಂಜಿನ್ನನ್ನು ತೊಳೆದು, ಒರೆಸಿ, ಸಂಶಯವಿದ್ದ ಕಡೆ ಸೀಮೆಸುಣ್ಣದ ಪುಡಿ ಉದುರಿಸಿ, ಸ್ವಲ್ಪ ದೂರ ಓಡಿಸಿ ನೋಡಿದರೆ ಒಸರುವ ಜಾಗ ತಾನಾಗಿ ಕಪ್ಪಾಗಿ ಕಾಣುತ್ತದೆ. ಎಂಜಿನ್ನು ನಿಧಾನವಾಗಿ ಓಡುವಾಗ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು ನೋಡಬೇಕು. ತೆಳುವಾದ ಆವಿ ಸಹಜ. ರೈಲಿನ ಹೊಗೆಯಂತೆ ಬಿಟ್ಟುಬಿಟ್ಟು ಉಗುಳಿದರೆ ರಿಂಗುಗಳು ಸವೆದಿವೆಯೆಂದೇ ಅರ್ಥ. ಆದರೆ ಅವಸರದಿಂದ ಎಂಜಿನ್ ಇಳಿಸಬಾರದು. ಮೊದಲು ಬ್ರೀದರ್ ಕೊಳವೆಯನ್ನು ನೋಡಬೇಕು. ಅದು ಧೂಳು, ಜಿಡ್ಡುಗಳಿಂದ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡ ಏರಿ ಎಣ್ಣೆಯು ಒಳ್ಳೆಯ ಪ್ಯಾಕಿಂಗಿನಿಂದಲೂ ಹೊರಬರುತ್ತದೆ. ಪ್ಯಾಕಿಂಗನ್ನು ಮೂರು ಬಾರಿ ಬದಲಾಯಿಸಿದರೂ ನಿಲ್ಲದ ಸೋರಿಕೆ ಕೊಳವೆಯನ್ನು ತೊಳೆದೊಡನೆ ನಿಂತುಬಿಡುವುದುಂಟು. ಮೂಗು ಕಟ್ಟಿದವನಿಗೆ ಚರ್ಮಕ್ಕೆ ಮುಲಾಮು ಹಚ್ಚಿದರೆ ಫಲವೇನು?

ಸೋರಿಕೆ ನಿಲ್ಲಿಸಿದರೆ ಅರ್ಧ ಕೆಲಸ. ಒಳಬರುವ ದಾರಿ ಮುಚ್ಚುವುದು ಇನ್ನರ್ಧ. ಕತ್ತಲಲ್ಲಿ ಬಾಗಿಲುಗಳನ್ನು ಹಾಕಿ ಕೆಳಗಿನಿಂದ ದೀಪ ಹಿಡಿದರೆ ನೆಲದ ತೂತುಗಳೆಲ್ಲ ನಕ್ಷತ್ರಗಳಂತೆ ಕಾಣುತ್ತವೆ. ಇಲ್ಲಿ ಒಂದು ಸೋಜಿಗವುಂಟು. ಲಾರಿ ವೇಗವಾಗಿ ಓಡುವಾಗ ತೆರೆದ ಕಿಟಕಿಯ ಬಳಿ ಹಾಯುವ ಗಾಳಿಯು ಕ್ಯಾಬಿನ್ನಿನೊಳಗಿನ ಗಾಳಿಯನ್ನು ಹೊರಕ್ಕೆ ಸೆಳೆಯುತ್ತದೆ. ಆ ತೆರವನ್ನು ತುಂಬಲು ನೆಲದ ಸಂದುಗಳಿಂದ ಎಂಜಿನ್ನಿನ ಗಾಳಿಯೇ ಮೇಲಕ್ಕೆ ನುಗ್ಗುತ್ತದೆ. “ಕಿಟಕಿ ತೆಗೆದಿಡು” ಎಂಬ ಮಾಲೀಕರ ಔಷಧವೇ ಕೆಲವೊಮ್ಮೆ ರೋಗವನ್ನು ಹೆಚ್ಚಿಸುವುದು ಹೀಗೆ.

ವಾಸನೆಯಿಲ್ಲದ ಶತ್ರು

ವಾಸನೆಗೆ ಇಷ್ಟು ಮಹತ್ತ್ವವೇಕೆಂದು ಕೇಳಬಹುದು. ಎಣ್ಣೆಯ ಕಮಟು ಬರುವ ಸಂದಿನಿಂದಲೇ ಹೊಗೆಯೂ ಬರಬಲ್ಲುದು. ಆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವಿದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದೊಡನೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಕೂಡಿಕೊಳ್ಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ನಮ್ಮ ನಾಡಿನಲ್ಲಿ ಓಡಿದ ಇದ್ದಿಲ ಬಸ್ಸುಗಳಿಗೆ ಇದೇ ಅನಿಲ ಇಂಧನವಾಗಿತ್ತು. ಡೀಸೆಲ್ ಎಂಜಿನ್ನು ಇದನ್ನು ಪೆಟ್ರೋಲಿನದಕ್ಕಿಂತ ಕಡಿಮೆ ಹುಟ್ಟಿಸುವುದು ನಿಜ. ಆದರೆ ತಲೆನೋವು, ಮಂಪರು, ಕೈಕಾಲಿನ ಸೋಲು ಇವನ್ನೆಲ್ಲ ನಿದ್ದೆಗೆಟ್ಟ ಡ್ರೈವರನು ತನ್ನ ನಿದ್ದೆಯ ಲೆಕ್ಕಕ್ಕೇ ಹಾಕುತ್ತಾನೆ. ಡೀಸೆಲ್ ಹೊಗೆಯು ಕ್ಯಾನ್ಸರನ್ನು ತರುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೧೨ರ ಜೂನಿನಲ್ಲಿ ಸಾರಿತು. ಹೀಗಿರಲಾಗಿ ಎಣ್ಣೆಯ ವಾಸನೆಯು ಶತ್ರುವಲ್ಲ, ಶತ್ರುವಿನ ದಾರಿ ತೆರೆದಿದೆಯೆಂದು ಕೂಗುವ ಕಾವಲುಗಾರ. ಊದುಬತ್ತಿಯಿಂದ ಅದರ ಬಾಯಿ ಮುಚ್ಚಿಸುವುದು ಜಾಣತನವಲ್ಲ.

ಕಾವಲುಗಾರನಿಗೂ ಒಂದು ದೌರ್ಬಲ್ಯವಿದೆ. ಮೂಗು ಬೇಗ ಸೋಲುತ್ತದೆ. ಕೆಲವು ನಿಮಿಷ ಒಂದೇ ವಾಸನೆಯಲ್ಲಿದ್ದರೆ ಅದು ತಿಳಿಯುವುದೇ ಇಲ್ಲ. ಆದುದರಿಂದ ಹೊರಗಿನ ಗಾಳಿಯಲ್ಲಿದ್ದು ಬಾಗಿಲು ತೆರೆದು ಹತ್ತುವ ಮೊದಲ ಗಳಿಗೆಯ ಸಾಕ್ಷ್ಯವನ್ನೇ ನಂಬಬೇಕು. “ಅಭ್ಯಾಸವಾಗಿದೆ ಬಿಡಿ ಸ್ವಾಮಿ” ಎಂಬ ಡ್ರೈವರನ ಮಾತು ಆರೋಗ್ಯದ ಗುರುತಲ್ಲ.

ಈಗ ಕಾಲ ಬದಲಾಗಿದೆ. ೨೦೨೦ರ ಏಪ್ರಿಲ್ ಒಂದರಿಂದ ಭಾರತ್ ಸ್ಟೇಜ್ ಆರನೆಯ ಕಟ್ಟಳೆ ಬಂದು, ಎಂಜಿನ್ನಿನ ಈ ಗುಪ್ತ ಉಸಿರೂ ಲೆಕ್ಕಕ್ಕೆ ಸೇರಿತು. ೨೦೨೫ರಲ್ಲಿ, ಹೊಸದಾಗಿ ತಯಾರಾಗುವ ಮಧ್ಯಮ ಹಾಗೂ ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಯಿತು. ಉರಿಬಿಸಿಲಿನಲ್ಲಿ ದುಡಿಯುವವನಿಗೆ ಇದು ಸಲ್ಲಬೇಕಾದದ್ದೇ. ಆದರೆ ಸೂರು ಬಂದ ಕಾಲದ ಪಾಠವನ್ನು ಮರೆಯಬಾರದು. ಕಿಟಕಿ ಮುಚ್ಚಿ ಒಳಗಿನ ಗಾಳಿಯನ್ನೇ ತಿರುತಿರುಗಿ ತಣಿಸುವ ಕ್ಯಾಬಿನ್ನಿನಲ್ಲಿ ಒಂದು ಹರಿದ ರಬ್ಬರು, ಒಂದು ಸಡಿಲ ಪ್ಯಾಕಿಂಗು ಹಿಂದಿಗಿಂತ ಹೆಚ್ಚು ಕೆಡುಕು ಮಾಡೀತು. ಹಳೆಯ ಲಾರಿಗಳಂತೂ ಇನ್ನೂ ನಮ್ಮ ಅಕ್ಕಿ, ಈರುಳ್ಳಿ, ಇಟ್ಟಿಗೆಗಳನ್ನು ಹೊತ್ತು ಘಟ್ಟ ಹತ್ತುತ್ತಲೇ ಇವೆ.

ಟ್ಯಾಂಕಿಗೆ ನೀರು ಹೋಗಬಾರದೆಂದಾಗ ಪರಿಹಾರ ತಡವಿಲ್ಲದೆ ಬಂತು. ನಗರದ ಕಣ್ಣುರಿದಾಗ ಹತ್ತಾರು ವರ್ಷಕ್ಕೆ ಬಂತು. ಲಾರಿಯ ಡ್ರೈವರನ ಸರದಿ ಎಲ್ಲಕ್ಕಿಂತ ಕೊನೆಗೆ ಬಂತು. ವಿದ್ಯೆ ಇಲ್ಲದ್ದರಿಂದ ಆದ ತಡವಲ್ಲ ಇದು. ಕೇಳುವ ಕಿವಿ ಇಲ್ಲದ್ದರಿಂದ ಆದದ್ದು. ಆದುದರಿಂದ ಯಾವನಾದರೂ ಡ್ರೈವರನು ಇಳಿದು ಬಂದು “ಯಜಮಾನರೇ, ಒಳಗೆ ಎಣ್ಣೆ ವಾಸನೆ” ಎಂದರೆ, ಕಿಟಕಿಯ ಮಾತೆತ್ತದೆ ಬಾನೆಟ್ ತೆರೆಸಿ ನೋಡುವುದು ಧರ್ಮ. ಒಂದು ಪ್ಯಾಕಿಂಗಿನ ಬೆಲೆ ಒಂದು ಜೋಡಿ ಶ್ವಾಸಕೋಶದ ಬೆಲೆಗಿಂತ ಹೆಚ್ಚಿನದಲ್ಲ.